ಎಷ್ಟು ಮಳೆಗಾಲ ಬಾಳ್ತದೆ? ತೆಳು ಪದರದ ಸೋಲಾರ್ ಸೆಲ್‌ನ ಕಥೆ

1/9

ಫೋಟೋದಲ್ಲಿ ಕಾಣುವುದು ನಮ್ಮನೆ ತುಳಸಿಕಟ್ಟೆ ಪಕ್ಕ ಇದ್ದ ಸಣ್ಣ ಸೋಲಾರ್ ದೀಪ. ಸಂತೆಯಿಂದ ನಾನೇ ತಂದದ್ದು. ಮೊದಲ ಮಳೆಗಾಲ ಹೇಗೋ ದಾಟಿತು. ಎರಡನೇ ಮಳೆಗಾಲ ಮುಗಿದು, ದೀಪಾವಳಿಗೆ ಅಂತ ಒರೆಸಿ ಇಟ್ಟರೆ ಉರಿಯಲೇ ಇಲ್ಲ. ಬ್ಯಾಟರಿ ಬದಲಿಸಿದೆ. ಆಗಲೂ ಇಲ್ಲ. ಕೊನೆಗೆ ಮೇಲಿದ್ದ ಗಾಜಿನ ತುಂಡನ್ನೇ ಬಿಚ್ಚಿ ನೋಡಿದೆ. ಮೂಲೆಯಿಂದ ನೀರು ಒಳಗೆ ಹೋಗಿ, ಹಿಂಬದಿಯ ಲೋಹದ ಪದರ ಹುಡಿ ಹುಡಿಯಾಗಿ ಎದ್ದಿತ್ತು.

ನಮ್ಮ ವಂಡ್ಸೆ ಗೊತ್ತಲ್ಲ. ಈಚೆಗೆ ಚಕ್ರಾ ನದಿ, ಆಚೆಗೆ ಕೊಲ್ಲೂರಿಗೆ ಹೋಗುವ ರಸ್ತೆ, ಹಿಂದೆ ಘಟ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಅಂತಾದ್ದರಲ್ಲಿ ಒಂದು ಸಣ್ಣ ದೀಪ ಹಾಳಾದದ್ದು ದೊಡ್ಡ ಸುದ್ದಿಯಲ್ಲ. ಆದ್ರೆ ಹತ್ತಿರದ ಮನೆಯ ಮಾಡಿನ ಮೇಲೆ ಒಂದು ಹಳೆಯ ನೀಲಿ ಪ್ಯಾನೆಲ್ ಇದೆ. ಅದು ನಾನು ಪ್ರೈಮರಿ ಶಾಲೆಗೆ ಹೋಗುವ ಕಾಲದಿಂದ ಅಲ್ಲೇ ಇದೆ, ಈಗಲೂ ಬಲ್ಬ್ ಉರಿಸ್ತದೆ.

ಎರಡೂ ಸೋಲಾರ್. ಒಂದು ಎರಡೇ ಮಳೆಗಾಲಕ್ಕೆ ಸತ್ತಿತು, ಇನ್ನೊಂದು ಹತ್ತಕ್ಕೂ ಹೆಚ್ಚು ಮಳೆಗಾಲ ಕಂಡಿತು. ಎಂತಕ್ಕೆ?

ಆ ಪ್ರಶ್ನೆ ಹಿಡಿದು ಓದ್ತಾ ಹೋದವನಿಗೆ ಸಿಕ್ಕಿದ್ದು ಸುಮಾರು 70 ವರ್ಷದ ಕಥೆ. ಒಂಬತ್ತು ಪೋಸ್ಟ್‌ಗಳಲ್ಲಿ ಹೇಳ್ತೇನೆ. ಕ್ಲಾಸ್‌ಮೇಟ್ಸ್, ಪರೀಕ್ಷೆಗೆ ಬರುವುದಿಲ್ಲ, ಹೆದರಬೇಡಿ.

2/9

ಮೊದಲು ತೆಳು ಪದರ ಅಂದ್ರೆ ಎಂತ ಅಂತ ನೋಡುವ.

1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಕೆಲಸಕ್ಕೆ ಬರುವಂಥ ಮೊದಲ ಸಿಲಿಕಾನ್ ಸೋಲಾರ್ ಸೆಲ್ ಮಾಡಿ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 6ರಷ್ಟು ವಿದ್ಯುತ್ ಆಗ್ತಿತ್ತು. ಪಕ್ಕದ ಮನೆಯ ನೀಲಿ ಪ್ಯಾನೆಲ್ ಇದೇ ಕುಟುಂಬದ್ದು. ಶುದ್ಧ ಸಿಲಿಕಾನ್ ಹರಳನ್ನು ಗಟ್ಟಿಯಾಗಿ ಬೆಳೆಸಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಮಾಡುವುದು. ಇವತ್ತಿನ ಬಿಲ್ಲೆ ಒಂದು ಮಿಲಿಮೀಟರಿನ ಐದರಲ್ಲೊಂದು ಭಾಗಕ್ಕಿಂತಲೂ ತೆಳ್ಳಗಿರ್ತದೆ. ನಮಗೆ ಅದೇ ಬಹಳ ತೆಳು.

ಆದ್ರೆ ತೆಳು ಪದರದ ಸೆಲ್ ಇದರ ನೂರರಲ್ಲೊಂದು ಪಾಲು ಮಾತ್ರ. ಒಂದರಿಂದ ಮೂರು ಮೈಕ್ರಾನ್. ನಿಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿ. ಇದನ್ನು ಕೊಯ್ಯುವುದಲ್ಲ, ಗಾಜಿನ ಮೇಲೆ ಆವಿಯಾಗಿ ಕೂರಿಸುವುದು ಅಥವಾ ಬಣ್ಣದ ಹಾಗೆ ಬಳಿಯುವುದು. ಬಿಲ್ಲೆ ಕಡುಬು ಅಂದ್ರೆ ಇದು ನೀರ್‌ದೋಸೆ. ಹಿಟ್ಟು ಸ್ವಲ್ಪ ಸಾಕು, ಬೇಗ ಆಗ್ತದೆ, ಖರ್ಚು ಕಡಿಮೆ.

ಕಷ್ಟ ಇರುವುದೂ ಅಲ್ಲಿಯೇ. ಕಡುಬಿನ ಮೇಲ್ಮೈ ಸ್ವಲ್ಪ ಹಾಳಾದರೂ ಒಳಗೆ ತಿರುಳು ಉಳೀತದೆ. ನೀರ್‌ದೋಸೆಗೆ ಒಳಗು ಅಂತ ಬೇರೆ ಇಲ್ಲವಲ್ಲ! ಒಂದು ಮೈಕ್ರಾನ್ ಪದರಕ್ಕೆ ತೇವ ಹೊಕ್ಕರೆ, ಪಕ್ಕದ ಪದರದ ಲೋಹ ಇದರೊಳಗೆ ಜಾರಿ ಬಂದರೆ, ಹೋಗಲು ಹೆಚ್ಚು ದೂರವೇ ಇಲ್ಲ. ಅಗ್ಗಕ್ಕೆ ಕಾರಣವಾದ ತೆಳುತನವೇ ಆಯುಷ್ಯಕ್ಕೂ ಕುತ್ತು.

3/9

ಬೆಲ್ ಲ್ಯಾಬ್ಸ್‌ನ ಸೆಲ್ ಬಂದ ಅದೇ 1954ರಲ್ಲಿ ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ರೆನಾಲ್ಡ್ಸ್ ಮತ್ತು ಜೊತೆಯವರು ಇನ್ನೊಂದು ವಸ್ತುವಿನಿಂದ ಕರೆಂಟ್ ತೆಗೆದರು. ಕ್ಯಾಡ್ಮಿಯಂ ಸಲ್ಫೈಡ್ ಮೇಲೆ ತಾಮ್ರದ ಸಲ್ಫೈಡ್. ತೆಳು ಪದರದ ಸೆಲ್‌ಗಳಲ್ಲಿ ಮೊದಲು ದೊಡ್ಡ ಆಸೆ ಹುಟ್ಟಿಸಿದ್ದು ಈ ಜೋಡಿ.

ಕಾರ್ಲ್ ಬೋಯರ್ ಎಂಬ ಭೌತವಿಜ್ಞಾನಿ 1972ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 1973ರಲ್ಲಿ 'ಸೋಲಾರ್ ಒನ್' ಅಂತ ಒಂದು ಮನೆಯನ್ನೇ ಕಟ್ಟಿ, ಮಾಡಿನಲ್ಲಿ ಈ ಸೆಲ್‌ಗಳನ್ನು ಕೂರಿಸಿದರು. ಅದೇ ವರ್ಷ ತೈಲ ಬಿಕ್ಕಟ್ಟು ಬಂತು, ಜಗತ್ತೆಲ್ಲ ಸೂರ್ಯನ ಕಡೆ ನೋಡಿತು. 1980ರ ಹೊತ್ತಿಗೆ ಪ್ರಯೋಗಾಲಯದಲ್ಲಿ ಈ ಸೆಲ್ ಶೇ. 10ರ ಹತ್ತಿರ ಹೋಯಿತು.

ಆದ್ರೆ ತಾಮ್ರ ಕೂತಲ್ಲಿ ಕೂರುವ ಜಾತಿಯಲ್ಲ. ಬಿಸಿ ತಾಗಿದರೆ, ಕರೆಂಟ್ ಹರಿದರೆ, ಅದರ ಅಯಾನುಗಳು ಮೆಲ್ಲ ಪಕ್ಕದ ಪದರಕ್ಕೆ ಸರೀತವೆ. ತೇವ ಮತ್ತು ಗಾಳಿ ಸೇರಿದರೆ ತಾಮ್ರದ ಸಲ್ಫೈಡಿನ ಗುಣವೇ ಬದಲಾಗ್ತದೆ. ಅಮ್ಮಮ್ಮನ ಪೂಜೆಯ ತಂಬಿಗೆ ಮಳೆಗಾಲದಲ್ಲಿ ಕಪ್ಪಾಗುವುದು ನೋಡಿದವರಿಗೆ ಇದು ಆಶ್ಚರ್ಯ ಅಲ್ಲ. ತಂಬಿಗೆಯಾದರೆ ಹುಣಸೆಹುಳಿ ಹಾಕಿ ಉಜ್ಜಬಹುದು, ಸೆಲ್ಲನ್ನು ಉಜ್ಜಲಿಕ್ಕೆ ಆಗ್ತದಾ?

1980ರ ದಶಕದಲ್ಲಿ ಇದನ್ನು ಬಹುತೇಕ ಎಲ್ಲರೂ ಕೈಬಿಟ್ಟರು. ಶೇ. 10 ಮುಟ್ಟಿಯೂ ಸೋತ ಸೆಲ್ ಇದು. ಎಷ್ಟು ಕೊಡ್ತದೆ ಎನ್ನುವುದು ಅರ್ಧ ಪ್ರಶ್ನೆ ಮಾತ್ರ, ಎಷ್ಟು ದಿನ ಕೊಡ್ತದೆ ಎನ್ನುವುದು ಇನ್ನರ್ಧ ಎಂಬ ಪಾಠ ಆಗ ಬೆಲೆ ತೆತ್ತು ಕಲಿತದ್ದು.

4/9

ಈಗ ಬ್ಯಾಗಿನಿಂದ ಕ್ಯಾಲ್ಕುಲೇಟರ್ ತೆಗೆಯಿರಿ. ಡಿಸ್‌ಪ್ಲೇ ಮೇಲೆ ಕಂದು ಬಣ್ಣದ ಒಂದು ಪಟ್ಟಿ ಕಾಣ್ತದಲ್ಲ? ಅದೇ ತೆಳು ಪದರದ ಸೋಲಾರ್ ಸೆಲ್. (ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಅದು ಬರೀ ಅಲಂಕಾರ, ಅದು ಬೇರೆ ವಿಷಯ.) ನನ್ನ ತುಳಸಿಕಟ್ಟೆ ದೀಪದಲ್ಲಿ ಇದ್ದದ್ದೂ ಇದೇ ಬಗೆಯದ್ದು.

ಇದರ ಹೆಸರು ಅಮಾರ್ಫಸ್ ಸಿಲಿಕಾನ್. ಹರಳು ಸಿಲಿಕಾನಿನಲ್ಲಿ ಪರಮಾಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ, ಒಬ್ಬರಿಗೊಬ್ಬರು ಕೈ ಹಿಡಿದು ನಿಂತಿರ್ತವೆ. ಅಮಾರ್ಫಸ್‌ನಲ್ಲಿ ಬೆಲ್ ಹೊಡೆದ ಮೇಲೆ ಗೇಟಿನ ಹತ್ತಿರ ಇರುವ ಗುಂಪಿನ ಹಾಗೆ. ಕೆಲವರ ಕೈ ಖಾಲಿ. ಆ ಖಾಲಿ ಕೈಗಳು ಕರೆಂಟನ್ನು ಹಿಡಿದು ನಿಲ್ಲಿಸ್ತವೆ. ಅವಕ್ಕೆ ಹೈಡ್ರೋಜನ್ ಕೊಟ್ಟು ತುಂಬಿಸಿದರೆ ಸೆಲ್ ಕೆಲಸ ಮಾಡ್ತದೆ.

1976ರಲ್ಲಿ ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಡೇವಿಡ್ ಕಾರ್ಲ್‌ಸನ್ ಮತ್ತು ಕ್ರಿಸ್ಟೋಫರ್ ವ್ರೊನ್ಸ್ಕಿ ಇಂಥ ಮೊದಲ ಸೆಲ್ ಪ್ರಕಟಿಸಿದರು. ದಕ್ಷತೆ ಶೇ. 2.4. ದಪ್ಪ ಸುಮಾರು ಒಂದು ಮೈಕ್ರಾನ್. ಎಲ್ಲರಿಗೂ ಖುಷಿ.

ಮರುವರ್ಷ, 1977ರಲ್ಲಿ, ಅದೇ ವ್ರೊನ್ಸ್ಕಿ ತಮ್ಮ ಸಹೋದ್ಯೋಗಿ ಡೇವಿಡ್ ಸ್ಟೇಬ್ಲರ್ ಜೊತೆ ಇನ್ನೊಂದು ಪ್ರಬಂಧ ಬರೆದರು. ಏನಂತ? ಈ ವಸ್ತುವಿನ ಮೇಲೆ ಗಂಟೆಗಟ್ಟಲೆ ಬೆಳಕು ಬಿಟ್ಟರೆ ಅದರ ಗುಣ ಕುಗ್ಗುತ್ತದೆ ಅಂತ! ಬೆಳಕಿನಲ್ಲಿ ಕೆಲಸ ಮಾಡಬೇಕಾದ ವಸ್ತು ಬೆಳಕಿನಿಂದಲೇ ಸೊರಗ್ತದೆ. ದುರ್ಬಲ ಬಂಧಗಳು ಬೆಳಕಿಗೆ ಮುರಿದು ಖಾಲಿ ಕೈಗಳು ಹೆಚ್ಚಾಗ್ತವೆ.

ತಾನು ಕಂಡುಹಿಡಿದದ್ದರ ಹುಳುಕನ್ನು ಒಂದೇ ವರ್ಷದಲ್ಲಿ ತಾನೇ ಲೋಕಕ್ಕೆ ಹೇಳಿದ ಮನುಷ್ಯ. ಇವತ್ತಿಗೂ ಅದಕ್ಕೆ ಸ್ಟೇಬ್ಲರ್-ವ್ರೊನ್ಸ್ಕಿ ಪರಿಣಾಮ ಅಂತಲೇ ಹೆಸರು. ಈ ಸರಣಿಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದೇ.

5/9

ಹುಳುಕು ಗೊತ್ತಾದ ಮೇಲೆ ಎಂತ ಮಾಡಿದರು?

ಅದೇ 1977ರ ಪ್ರಬಂಧದಲ್ಲಿ ಇನ್ನೊಂದು ಮಾತೂ ಇತ್ತು. ಸೊರಗಿದ ಪದರವನ್ನು 150 ಡಿಗ್ರಿಗಿಂತ ಮೇಲೆ ಬಿಸಿ ಮಾಡಿದರೆ ಮೊದಲಿನ ಸ್ಥಿತಿಗೆ ಬರ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಅಮ್ಮಮ್ಮನ ಹಲಸಿನ ಹಪ್ಪಳ. "ಹಪ್ಳ ಮೆತ್ತಗಾರ್ ಬಿಸಾಡುಕಾಗ, ಇನ್ನೊಂದ್ ಬಿಸ್ಲ್ ತೋರ್ಸ್" ಅಂತಿದ್ದರು. ಹಪ್ಪಳ ಮೆತ್ತಗಾಗುವುದು ತೇವಕ್ಕೆ, ಸೆಲ್ ಸೊರಗುವುದು ಬೆಳಕಿಗೆ. ಕಾರಣ ಬೇರೆ, ಆದ್ರೆ ಕಾಯಿಸಿದರೆ ಚೇತರಿಸುವುದು ಎರಡಕ್ಕೂ ಉಂಟು. ಹೊರಗೆ ಇಟ್ಟ ಅಮಾರ್ಫಸ್ ಪ್ಯಾನೆಲ್‌ಗಳು ಸೆಕೆಗಾಲದಲ್ಲಿ ಸ್ವಲ್ಪ ಚೇತರಿಸಿ, ಚಳಿಗಾಲದಲ್ಲಿ ಮತ್ತೆ ಇಳಿಯುವುದನ್ನೂ ಅಳೆದಿದ್ದಾರೆ.

ಮೊದಲ ದಾರಿ, ಹುಳುಕು ತೊಂದರೆ ಕೊಡದ ಜಾಗ ಹುಡುಕುವುದು. 1980ರಲ್ಲಿ ಜಪಾನಿನ ಸಾನ್ಯೋ ಕಂಪನಿ ಇದನ್ನು ಕ್ಯಾಲ್ಕುಲೇಟರಿಗೆ ಹಾಕಿತು. ಟ್ಯೂಬ್‌ಲೈಟ್ ಬೆಳಕು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಮಂದ ಬೆಳಕಿಗೆ ಸೊರಗುವುದೂ ಕಡಿಮೆ, ಮನೆಯೊಳಗೆ ಮಳೆಯೂ ಇಲ್ಲ.

ಎರಡನೇ ದಾರಿ, ಪದರವನ್ನು ಇನ್ನೂ ತೆಳ್ಳಗೆ ಮಾಡಿ ಒಂದರ ಮೇಲೊಂದು ಎರಡು ಮೂರು ಸೆಲ್ ಪೇರಿಸುವುದು. ತೆಳ್ಳಗಿದ್ದಷ್ಟು ಕರೆಂಟಿಗೆ ಓಡಲು ದೂರ ಕಡಿಮೆ, ಖಾಲಿ ಕೈಗಳಿಗೆ ಸಿಕ್ಕುವುದೂ ಕಡಿಮೆ.

ಮೂರನೇ ದಾರಿ ಪ್ರಾಮಾಣಿಕತೆಯದ್ದು. ಹೊಸತರಲ್ಲಿ ಈ ಪ್ಯಾನೆಲ್ ಶೇ. 10ರಿಂದ 30ರಷ್ಟು ಇಳಿದು, ಸುಮಾರು ಸಾವಿರ ಗಂಟೆ ಬೆಳಕಿನ ನಂತರ ಒಂದು ಮಟ್ಟದಲ್ಲಿ ನಿಲ್ತದೆ. ಹಾಗಾದ್ರೆ ಲೇಬಲ್ ಮೇಲೆ ಬರೆಯಬೇಕಾದ್ದು ಮೊದಲ ದಿನದ ಅಂಕಿ ಅಲ್ಲ, ನಿಂತ ಮೇಲಿನ ಅಂಕಿ. ಒಳ್ಳೆಯ ತಯಾರಕರು ಹಾಗೇ ಬರೆದರು.

ಬರೆಯದವರೂ ಇದ್ದರು. ಅದರ ಪೆಟ್ಟು ಬಿದ್ದದ್ದು ಯಾರಿಗೆ? ಮುಂದಿನ ಪೋಸ್ಟ್.

6/9

1990ರ ದಶಕದಲ್ಲಿ ಆಫ್ರಿಕಾದ ಕೀನ್ಯಾದ ಹಳ್ಳಿಗಳಲ್ಲಿ ಸಣ್ಣ ಅಮಾರ್ಫಸ್ ಪ್ಯಾನೆಲ್‌ಗಳು ಅಂಗಡಿಯಲ್ಲೇ ಸಿಕ್ತಿದ್ದವು. ಜನ ಸ್ವಂತ ದುಡ್ಡು ಕೊಟ್ಟು ತಂದು ಟಿವಿ, ರೇಡಿಯೋ, ಬಲ್ಬಿಗೆ ಹಾಕ್ತಿದ್ದರು. ಸಂಶೋಧಕರು ಮನೆ ಮನೆಗೆ ಹೋಗಿ ಅಳೆದಾಗ ಕೆಲವು ಬ್ರಾಂಡ್‌ಗಳು ಲೇಬಲ್ಲಿಗೆ ತಕ್ಕ ಹಾಗೆ ಇದ್ದವು, ಒಂದು ಬಹಳ ಕೆಳಗಿತ್ತು. ಡ್ಯೂಕ್, ಜೇಕಬ್‌ಸನ್, ಕ್ಯಾಮ್ಮನ್ ಅದನ್ನು 2002ರಲ್ಲಿ ಪ್ರಕಟಿಸಿದರು. ಕೊಳ್ಳುವವನಿಗೆ ಹೊರಗಿನಿಂದ ನೋಡಿ ಯಾವುದು ಒಳ್ಳೆಯದು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಈಗ ನಮ್ಮ ಕಡೆ ಬನ್ನಿ. 1995ರಲ್ಲಿ ನಮ್ಮ ಕುಂದಾಪ್ರ ಸೀಮೆಯ ಮೂಲದ ಹರೀಶ್ ಹಂದೆ, ಅಮೆರಿಕದ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಸೆಲ್ಕೋ ಶುರು ಮಾಡಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕರ್ನಾಟಕದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಕೊಡಬೇಕು, ಆದ್ರೆ ಬಡವರ ಹತ್ತಿರ ಒಟ್ಟಿಗೆ ಕೊಡಲು ದುಡ್ಡಿಲ್ಲ. ಹಾಗಾಗಿ ಬ್ಯಾಂಕ್ ಸಾಲ ಬೇಕು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಲ್ಲಿ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೋಲಾರ್ ಸಾಲದ ಯೋಜನೆ ತಂದವು. ಎರಡೂ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು, ಒಂದು 1906ರಲ್ಲಿ ಮಂಗಳೂರಲ್ಲಿ, ಇನ್ನೊಂದು 1925ರಲ್ಲಿ ಉಡುಪಿಯಲ್ಲಿ. ಯೋಜನೆಯಿಂದ ದಕ್ಷಿಣ ಭಾರತದ 18,000ಕ್ಕೂ ಹೆಚ್ಚು ಮನೆಗಳಿಗೆ ಬೆಳಕು ಬಂತು.

ಇಲ್ಲಿ ಬಾಳಿಕೆಯ ಪ್ರಶ್ನೆ ಬರೀ ವಿಜ್ಞಾನ ಅಲ್ಲ ಮಾರ್ರೆ. ಪ್ಯಾನೆಲ್ ಎರಡು ವರ್ಷಕ್ಕೆ ಸತ್ತರೆ ದೀಪ ಇಲ್ಲದಿದ್ದರೂ ಕಂತು ಕಟ್ಟುತ್ತಲೇ ಇರಬೇಕು. ಒಂದು ಮನೆಯಲ್ಲಿ ಹಾಗಾದ್ರೆ ಇಡೀ ಊರು "ಸೋಲಾರ್ ಬೇಡ" ಅಂತದೆ, ಬ್ಯಾಂಕೂ ಮುಂದಿನ ಸಾಲ ಕೊಡುವುದಿಲ್ಲ. ಮನೆ ಬಾಗಿಲಿಗೆ ಬಂದು ರಿಪೇರಿ ಮಾಡುವ ಸರ್ವಿಸ್‌ಗೆ ಸೆಲ್ಕೋ ಅಷ್ಟು ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ.

7/9

ಹಾಗಾದ್ರೆ 25 ವರ್ಷ ಬಾಳ್ತದಾ ಅಂತ 25 ವರ್ಷ ಕಾಯದೆ ತಿಳಿಯುವುದು ಹೇಗೆ?

1975ರಿಂದ 1986ರ ತನಕ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಪ್ಯಾನೆಲ್‌ಗಳನ್ನು ಕಂತು ಕಂತಾಗಿ ಕೊಂಡು, ಬೇಕಂತಲೇ ಹಿಂಸೆ ಕೊಟ್ಟು ಪರೀಕ್ಷಿಸಿತು. ಬಿಸಿ-ತಂಪು, ತೇವ, ಆಲಿಕಲ್ಲಿನ ಹೊಡೆತ. ಕೆಟ್ಟದ್ದು ಎಲ್ಲಿ ಅಂತ ನೋಡಿ, ತಯಾರಕರಿಗೆ ಹೇಳಿ, ಮುಂದಿನ ಕಂತಿಗೆ ಸರಿ ಮಾಡಿಸಿತು. ಅಂಥ ಅನುಭವದಿಂದಲೇ ಮುಂದೆ ಅಂತಾರಾಷ್ಟ್ರೀಯ ಮಾನದಂಡಗಳು ಬಂದವು. ತೆಳು ಪದರಕ್ಕೇ ಪ್ರತ್ಯೇಕವಾಗಿ ಐಇಸಿ 61646 ಬಂದದ್ದು 1996ರಲ್ಲಿ.

ಅದರಲ್ಲಿ ಒಂದು ಪರೀಕ್ಷೆ ಕೇಳಿ. 85 ಡಿಗ್ರಿ ಬಿಸಿ, ಶೇ. 85 ತೇವಾಂಶ, 1,000 ಗಂಟೆ. ಸುಮಾರು 42 ದಿನ ಹಬೆಯಲ್ಲಿ ಇಟ್ಟ ಹಾಗೆ. ನನ್ನ ದೀಪ ಒಂದು ವಾರವೂ ತಡೀತಿತ್ತೋ ಇಲ್ಲವೋ.

ಇದನ್ನು ದಾಟಿ ನಿಂತದ್ದು ಕ್ಯಾಡ್ಮಿಯಂ ಟೆಲ್ಯುರೈಡ್. ಎರಡು ಗಾಜಿನ ನಡುವೆ ಪದರ, ಅಂಚಿಗೆ ತೇವ ಬಿಡದ ರಬ್ಬರಿನಂಥ ಅಂಟು. ಹಪ್ಪಳದ ಡಬ್ಬದ ಬಿಗಿ ಮುಚ್ಚಳವೇ ಅದು. 1995ರಲ್ಲಿ ಅಮೆರಿಕದ ಕೊಲೊರಾಡೊದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಇಟ್ಟ ಇಂಥ ಪ್ಯಾನೆಲ್‌ಗಳನ್ನು 15 ವರ್ಷಕ್ಕೂ ಹೆಚ್ಚು ಕಾಲ ಅಳೆದರು. ವರ್ಷಕ್ಕೆ ಸುಮಾರು ಶೇ. 0.5 ಇಳಿಕೆ. ಅದೇ ಲೆಕ್ಕದಲ್ಲಿ ಹೋದರೆ 25 ವರ್ಷದ ಮೇಲೂ ಶೇ. 87ರಷ್ಟು ಉಳೀತದೆ.

ಆದ್ರೆ ಕೊಲೊರಾಡೊ ಒಣ ಹವೆಯ ಊರು. 2012ರಲ್ಲಿ ಈ ಸೆಲ್‌ನ ದೊಡ್ಡ ತಯಾರಕ ಫಸ್ಟ್ ಸೋಲಾರ್ ಕೂಡ ಬಿಸಿ ಪ್ರದೇಶಗಳಲ್ಲಿ ವಾರಂಟಿ ಖರ್ಚು ಹೆಚ್ಚಾಗಬಹುದೆಂದು ಹೆಚ್ಚುವರಿ ಹಣ ತೆಗೆದಿಟ್ಟಿತು. ನಮ್ಮ ದೇಶದಲ್ಲಿ ಐಐಟಿ ಬಾಂಬೆ ಮತ್ತು ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ 2013ರಿಂದ ಊರೂರು ಸುತ್ತಿ ಪ್ಯಾನೆಲ್ ಅಳೆದಾಗಲೂ ಎರಡು ವಿಷಯ ಕಂಡಿತು. ಬಿಸಿ ಹವೆಯಲ್ಲಿ ಪ್ಯಾನೆಲ್ ಬೇಗ ಸೊರಗ್ತದೆ. ದೊಡ್ಡ ಸ್ಥಾವರಗಳಿಗಿಂತ ಮನೆ ಮಾಡಿನ ಸಣ್ಣ ಪ್ಯಾನೆಲ್‌ಗಳ ಸ್ಥಿತಿ ಕೆಟ್ಟದು. ಅಂದ್ರೆ ನಮ್ಮಂಥವರದ್ದೇ.

8/9

ಈಗ ಕಥೆಯ ಹೊಸ ಹುಡುಗ ಪೆರೋವ್‌ಸ್ಕೈಟ್.

1839ರಲ್ಲಿ ಗುಸ್ತಾವ್ ರೋಸ್ ಎಂಬವರು ರಷ್ಯಾದ ಉರಲ್ ಪರ್ವತದ ಒಂದು ಖನಿಜಕ್ಕೆ ಇಟ್ಟ ಹೆಸರು ಅದು. ಅದೇ ವಿನ್ಯಾಸದಲ್ಲಿ ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಅಯಾನು ಸೇರಿಸಿ ಮಾಡಿದ ಕಪ್ಪು ಪದರವೇ ಇವತ್ತಿನ ಸೆಲ್. ದಪ್ಪ ಅರ್ಧ ಮೈಕ್ರಾನ್ ಸಾಕು. ದ್ರಾವಣ ಮಾಡಿ ಬಳಿದರೂ ಆಗ್ತದೆ.

2009ರಲ್ಲಿ ಜಪಾನಿನ ಮಿಯಸಾಕ ಅವರ ತಂಡ ಇದರಿಂದ ಶೇ. 3.8 ತೆಗೆಯಿತು. ಆದ್ರೆ ಒಳಗೆ ದ್ರವ ಇದ್ದ ಕಾರಣ ಪದರ ಕರಗಿ ಕೆಲವೇ ನಿಮಿಷಗಳಲ್ಲಿ ಸೆಲ್ ಕೆಡ್ತಿತ್ತು. 2012ರಲ್ಲಿ ದ್ರವ ತೆಗೆದು ಘನ ಪದರ ಹಾಕಿದರು. ಕೊರಿಯಾದ ಪಾರ್ಕ್ ಅವರ ತಂಡದ ಸೆಲ್ ಶೇ. 9.7 ಕೊಟ್ಟು 500 ಗಂಟೆ ನಿಂತಿತು. ನಿಮಿಷದಿಂದ ಗಂಟೆಗೆ. ಈಗ ಪ್ರಯೋಗಾಲಯದಲ್ಲಿ ಶೇ. 26 ದಾಟಿದೆ, ಸಿಲಿಕಾನಿನ ಹೆಗಲಿಗೆ ಹೆಗಲು.

ಬಾಳಿಕೆ ಮಾತ್ರ ಇನ್ನೂ ಹೆಗಲಿಗೆ ಬಂದಿಲ್ಲ. ತೇವ ತಾಗಿದರೆ ಕಪ್ಪು ಪದರ ಹಳದಿಯಾಗ್ತದೆ, ಅಂದ್ರೆ ಮುರಿದು ಸೀಸದ ಅಯೋಡೈಡ್ ಉಳೀತದೆ. ಹೆಚ್ಚು ಬಿಸಿಯಾದರೆ ಒಳಗಿನ ಸಾವಯವ ಭಾಗ ಹಾರಿ ಹೋಗ್ತದೆ. ಬೆಳಕು ಬಿದ್ದಾಗ ಅಯಾನುಗಳು ಒಳಗೇ ಓಡಾಡ್ತವೆ. ಹಳೆಯ ತಾಮ್ರದ ಕಥೆ ಮತ್ತೆ! ಅದಕ್ಕೆ ಸುಲಭವಾಗಿ ಹಾರುವ ಅಯಾನಿನ ಬದಲು ಸೀಸಿಯಂ ಮತ್ತು ಫಾರ್ಮಮಿಡಿನಿಯಂ ಹಾಕಿದರು. ಮೇಲ್ಮೈಗೆ ನೀರು ತಳ್ಳುವ ತೆಳು ಹೊದಿಕೆ ಕೊಟ್ಟರು. ಗಾಜು, ಅಂಚಿನ ಅಂಟು ಕ್ಯಾಡ್ಮಿಯಂ ಟೆಲ್ಯುರೈಡ್‌ನಿಂದ ಕಲಿತದ್ದು.

ಮತ್ತೊಂದು ಸಮಸ್ಯೆ ಇತ್ತು. ಒಬ್ಬರು ಕತ್ತಲಲ್ಲಿ ಇಟ್ಟು "ಸಾವಿರ ಗಂಟೆ ನಿಂತಿತು" ಅಂತಿದ್ದರು, ಇನ್ನೊಬ್ಬರು ಬೆಳಕಲ್ಲಿ ಇಟ್ಟು ಅಳೀತಿದ್ದರು. ಹೋಲಿಸುವುದು ಹೇಗೆ? 2020ರಲ್ಲಿ ಹಲವು ದೇಶಗಳ ಸಂಶೋಧಕರು ಒಟ್ಟಾಗಿ, ಯಾವ ಬೆಳಕು, ಎಷ್ಟು ಬಿಸಿ, ಹಗಲು-ರಾತ್ರಿ ಹೇಗೆ, ಎಂಥದನ್ನೆಲ್ಲ ವರದಿ ಮಾಡಬೇಕು ಅಂತ ಒಂದು ಒಮ್ಮತ ಪ್ರಕಟಿಸಿದರು. ಸ್ಟೇಬ್ಲರ್ ಮತ್ತು ವ್ರೊನ್ಸ್ಕಿ ಮಾಡಿದ ಕೆಲಸವನ್ನು ಈಗ ಎಲ್ಲರೂ ಕ್ರಮವಾಗಿ ಮಾಡುವ ಹಾಗೆ.

9/9

ಕೊನೆಯ ಫೋಟೋ ನಮ್ಮ ಬಾವಿ. ಸೋಲಾರ್ ಕಥೆಯಲ್ಲಿ ಬಾವಿ ಎಂತಕ್ಕೆ ಅಂದ್ರೆ, ಮಾಡಿನ ನೀರು ಇಳಿದು ಹೋಗುವುದು ಅಂಗಳಕ್ಕೆ, ಅಲ್ಲಿಂದ ಮಣ್ಣಿಗೆ, ಕೊನೆಗೆ ಬಾವಿಗೆ. ಪೆರೋವ್‌ಸ್ಕೈಟ್‌ನ ಸೀಸದ ಅಯೋಡೈಡ್ ನೀರಲ್ಲಿ ಸ್ವಲ್ಪ ಕರಗ್ತದೆ. ಪ್ಯಾನೆಲಿನಲ್ಲಿ ಸೀಸ ಇರುವುದು ಅತಿ ಕಡಿಮೆ, ಗಾಜು ಗಟ್ಟಿ ಇದ್ದರೆ ಹೊರಗೆ ಬರುವುದೂ ಇಲ್ಲ. ಆದ್ರೆ ತೆಂಗಿನಕಾಯಿ ಬಿದ್ದು ಗಾಜು ಒಡೆದು, ಮೇಲಿಂದ ನಾಲ್ಕು ತಿಂಗಳು ಮಳೆ ಹೊಯ್ದರೆ? ಅದಕ್ಕೇ 2020ರಲ್ಲಿ ಅಮೆರಿಕದ ಒಂದು ತಂಡ ಒಡೆದ ಸೆಲ್‌ನಿಂದ ಸೋರುವ ಸೀಸವನ್ನು ಬಹುಪಾಲು ಹೀರಿಕೊಳ್ಳುವ ಪದರ ಮಾಡಿ ತೋರಿಸಿತು. ಬಾಳಿಕೆ ಅಂದ್ರೆ ಬರೀ ಕರೆಂಟ್ ಅಲ್ಲ, ಕೆಟ್ಟಾಗ ಎಂತ ಆಗ್ತದೆ ಎನ್ನುವುದೂ ಹೌದು.

ಇದೆಲ್ಲ ದೂರದ ವಿಷಯ ಅಂದುಕೊಳ್ಳಬೇಡಿ. 2024ರಲ್ಲಿ ಚೆನ್ನೈ ಹತ್ತಿರ ಫಸ್ಟ್ ಸೋಲಾರ್‌ನ ಕ್ಯಾಡ್ಮಿಯಂ ಟೆಲ್ಯುರೈಡ್ ಕಾರ್ಖಾನೆಯ ಉದ್ಘಾಟನೆ ಆಯಿತು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಣ್ಣ ಬಳಸಿ ಕೆಲಸ ಮಾಡುವ ಸೋಲಾರ್ ಸೆಲ್‌ಗಳಿಗೆ ಹೊಸ ಸಾವಯವ ಬಣ್ಣಗಳನ್ನು ತಯಾರಿಸಿದ್ದಾರೆ. ನಮ್ಮಲ್ಲಿ ಯಾರಾದ್ರೂ ನಾಳೆ ಆ ಲ್ಯಾಬ್‌ಗೆ ಹೋಗಬಹುದು. ಹೋದರೆ ಒಂದು ಮಾತು ನೆನಪಿರಲಿ: ಕರಾವಳಿಯ ಮಳೆಗಾಲ ಗೊತ್ತಿರುವುದೂ ಒಂದು ವಿದ್ಯೆ.

ಮನೆಗೆ ಸೋಲಾರ್ ತರುವಾಗ ಇಷ್ಟು ಕೇಳಿ. ಲೇಬಲ್ಲಿನಲ್ಲಿ ಐಇಸಿ ನಂಬರ್ ಉಂಟಾ? ವಾರಂಟಿ ಎಷ್ಟು ವರ್ಷ, ಬರವಣಿಗೆಯಲ್ಲಿ ಉಂಟಾ? ಅಂಚು ಗಟ್ಟಿ ಮುಚ್ಚಿದೆಯಾ? ಕೆಟ್ಟರೆ ರಿಪೇರಿಗೆ ಬರುವವರು ಯಾರು? ಎಷ್ಟು ವಾಟ್ ಅಂತ ಕೇಳುವುದು ಆಮೇಲೆ.

ನಾನೂ ಒಂದು ಕೆಲಸ ಶುರು ಮಾಡಿದ್ದೇನೆ. ಪಕ್ಕದ ಮನೆಯವರ ಹತ್ತಿರ ಕೇಳಿ, ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ, ಬಿಸಿಲಿದ್ದರೆ, ಆ ಹಳೆ ನೀಲಿ ಪ್ಯಾನೆಲ್ ಒರೆಸಿ ಮಲ್ಟಿಮೀಟರ್ ಹಿಡಿದು ಕರೆಂಟ್ ಬರೆದಿಡ್ತೇನೆ. ಒಂದು ಹಳೆ ನೋಟ್‌ಬುಕ್ಕು, ಈಗ ಮೂರು ಸಾಲು ತುಂಬಿದೆ. ಸ್ಕೂಲ್ ಲ್ಯಾಬಿನ ಮೀಟರ್ ಇದ್ದವರು ನಿಮ್ಮ ಮಾಡಿನದ್ದೂ ಬರೆಯಿರಿ. ಹತ್ತು ಮನೆ, ಹತ್ತು ಮಳೆಗಾಲ ಆದ್ರೆ ವಂಡ್ಸೆಯದ್ದೇ ಒಂದು ಲೆಕ್ಕ ಸಿಗ್ತದೆ.

ಸತ್ತ ದೀಪ ಬಿಸಾಡಲಿಲ್ಲ. ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೇನೆ. ಅದು ಕೆಡದಿದ್ದರೆ ಇದೆಲ್ಲ ಓದ್ತಲೇ ಇರಲಿಲ್ಲ.

ಸರಣಿ ಮುಗಿಯಿತು. ತಪ್ಪಿದ್ದರೆ ಹೇಳಿ, ತಿದ್ದಿಕೊಳ್ತೇನೆ. ನಿಮ್ಮನೆಯ ಸೋಲಾರ್ ಎಷ್ಟು ಮಳೆಗಾಲ ಕಂಡಿದೆ? ಬರೆದು ತಿಳಿಸಿ.

#ವಂಡ್ಸೆ #ಕುಂದಾಪ್ರ #ಸೋಲಾರ್‌ಕಥೆ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ